ಕಲ್ಯಾಣಕಾರಕದ ಕರ್ತೃ ಶ್ರೀ ಉಗ್ರಾದಿತ್ಯಾಚಾರ್ಯರು

ಜಿನಬಿಂಬ ಪ್ರತಿಷ್ಠೆಯ ಮಂಗಳಸಂದರ್ಭದಲ್ಲಿ ಕಲ್ಯಾಣವೆಂಬ ಶಬ್ದವು ಶ್ರಾವಕರ ನಾಲಗೆಯ ಮೇಲೆ ಸದಾ ನೆಲೆಸಿರುತ್ತದೆ. ಗರ್ಭಾವತರಣ, ಜನ್ಮಾಭಿಷೇಕ, ಪರಿನಿಷ್ಕ್ರಮಣ, ಕೇವಲಜ್ಞಾನ, ನಿರ್ವಾಣಗಳೆಂಬ ಐದು ಕಲ್ಯಾಣಗಳ ವಿಧಿಯಿಂದ ಶಿಲೆಯು ಬಿಂಬವಾಗಿ ಪೂಜಾರ್ಹವಾಗುತ್ತದೆ. ಇದೇ ಶಬ್ದವನ್ನು ತನ್ನ ಹೆಸರಿನಲ್ಲಿಯೇ ಧರಿಸಿಕೊಂಡಿರುವ ಒಂದು ಪ್ರಾಚೀನ ಗ್ರಂಥವಿದೆ. ಅದು ಪೂಜಾವಿಧಿಯನ್ನು ತಿಳಿಸುವ ಗ್ರಂಥವಲ್ಲ, ಪುರಾಣವೂ ಅಲ್ಲ. ಜ್ವರ, ಅತಿಸಾರ, ಪ್ರಮೇಹ, ಕುಷ್ಠ, ನೇತ್ರರೋಗ, ವಿಷಬಾಧೆಗಳಿಂದ ನರಳುವ ಮನುಷ್ಯನ ಹಾಸಿಗೆಯ ಪಕ್ಕದಲ್ಲಿ ನಿಂತು ಮಾತನಾಡುವ ವೈದ್ಯಗ್ರಂಥ. ಅದರ ಹೆಸರು ಕಲ್ಯಾಣಕಾರಕ. ಅದನ್ನು ರಚಿಸಿದವರು ದಿಗಂಬರ ಮುನಿಗಳಾದ ಶ್ರೀ ಉಗ್ರಾದಿತ್ಯಾಚಾರ್ಯರು.

ಜೈನರು ಕನ್ನಡ ನಾಡಿಗೆ ಸಲ್ಲಿಸಿದ ಸೇವೆಯ ಮಾತು ಬಂದಾಗಲೆಲ್ಲ ಪಂಪ, ಪೊನ್ನ, ರನ್ನರ ಹೆಸರುಗಳೂ ಶ್ರವಣಬೆಳಗೊಳದ ಗೊಮ್ಮಟಮೂರ್ತಿಯೂ ಮೊದಲು ನೆನಪಿಗೆ ಬರುವುದು ಸಹಜ. ಕಾವ್ಯ ಮತ್ತು ಶಿಲ್ಪಗಳ ಈ ಪ್ರಭೆಯಲ್ಲಿ ಶಾಸ್ತ್ರಕಾರರ ಹೆಸರುಗಳು ಮಂಕಾಗಿವೆ. ಗಣಿತಕ್ಕೆ ಮಹಾವೀರಾಚಾರ್ಯರು, ವ್ಯಾಕರಣಕ್ಕೆ ಶಾಕಟಾಯನರು ಇದ್ದಂತೆ ವೈದ್ಯಕ್ಕೆ ಉಗ್ರಾದಿತ್ಯಾಚಾರ್ಯರು. ಈ ಮೂವರೂ ರಾಷ್ಟ್ರಕೂಟ ಚಕ್ರವರ್ತಿ ನೃಪತುಂಗನ ಹೆಸರಿನೊಡನೆ ಸಂಬಂಧವುಳ್ಳವರೆಂಬುದು ಆ ಕಾಲದ ವಿದ್ಯಾವೈಭವಕ್ಕೆ ಸಾಕ್ಷಿ.

ಮನೆಮಠಗಳನ್ನು ತೊರೆದು ದಿಗಂಬರ ದೀಕ್ಷೆಯನ್ನು ಕೈಕೊಂಡ ಮುನಿಗೆ ಪೂರ್ವಾಶ್ರಮದ ಕುಲಗೋತ್ರಗಳ ಹಂಗಿಲ್ಲ. ಗುರುಪರಂಪರೆಯೇ ಅವನ ವಂಶಾವಳಿ. ಆದುದರಿಂದ ಉಗ್ರಾದಿತ್ಯರ ಜೀವನಚರಿತ್ರೆಯನ್ನು ಅವರ ಗ್ರಂಥದೊಳಗಿನ ಮಾತುಗಳಿಂದಲೇ ಹೆಕ್ಕಿಕೊಳ್ಳಬೇಕಾಗಿದೆ. ಅವರ ಗುರುಗಳು ಶ್ರೀನಂದಿ ಆಚಾರ್ಯರು. ವಿಷ್ಣುರಾಜನೆಂಬ ಅರಸನು ಈ ಶ್ರೀನಂದಿಗಳ ಪಾದಗಳನ್ನು ಪೂಜಿಸುತ್ತಿದ್ದನು. ವೇಂಗಿಯ ಒಡೆಯನ ಆಳಿಕೆಗೆ ಸೇರಿದ ತ್ರಿಕಳಿಂಗ ದೇಶದಲ್ಲಿ, ಗುಹೆಗಳಿಂದಲೂ ಚೈತ್ಯಾಲಯಗಳಿಂದಲೂ ಕೂಡಿದ ರಾಮಗಿರಿಯೆಂಬ ಬೆಟ್ಟದಲ್ಲಿ, ಗುರುಗಳಿಂದ ಸಕಲ ಆಯುರ್ವೇದವನ್ನೂ ಕೇಳಿ ತಿಳಿದು, ಅಲ್ಲಿಯೇ ನೆಲೆಸಿ ಉಗ್ರಾದಿತ್ಯರು ತಮ್ಮ ಗ್ರಂಥವನ್ನು ರಚಿಸಿದರು.

ಈ ರಾಮಗಿರಿ ಯಾವುದು? ಕೆಲವರು ನಾಗಪುರದ ಬಳಿಯ ರಾಮಟೇಕವನ್ನು ತೋರಿಸುತ್ತಾರೆ. ಆದರೆ ಗ್ರಂಥಕಾರರೇ ವೇಂಗಿಯನ್ನೂ ತ್ರಿಕಳಿಂಗವನ್ನೂ ಹೆಸರಿಸಿರುವಾಗ ಅಷ್ಟು ದೂರ ಹೋಗಬೇಕಾದ ಅಗತ್ಯ ಕಾಣುವುದಿಲ್ಲ. ಆಂಧ್ರಪ್ರದೇಶದ ವಿಜಯನಗರಂ ಪಟ್ಟಣದ (ಇದು ನಮ್ಮ ಹಂಪೆಯ ವಿಜಯನಗರವಲ್ಲ) ಸಮೀಪದಲ್ಲಿರುವ ರಾಮತೀರ್ಥದ ಬೆಟ್ಟಗಳೇ ಆ ರಾಮಗಿರಿಯೆಂಬುದು ಹೆಚ್ಚು ಯುಕ್ತವಾದ ಅಭಿಪ್ರಾಯ. ಅಲ್ಲಿ ಬೌದ್ಧ ಅವಶೇಷಗಳ ಜೊತೆಗೆ ಜಿನಬಿಂಬಗಳಿರುವ ಗುಹೆಗಳೂ ಇವೆ. ಹನ್ನೊಂದನೆಯ ಶತಮಾನದ ಆದಿಭಾಗದಲ್ಲಿ ಪೂರ್ವಚಾಲುಕ್ಯ ವಿಮಲಾದಿತ್ಯನು ಆಳುತ್ತಿದ್ದಾಗ, ದೇಶೀಗಣದ ತ್ರಿಕಾಲಯೋಗಿ ಸಿದ್ಧಾಂತದೇವರು ಆ ರಾಮಕೊಂಡವನ್ನು ವಂದಿಸಿದರೆಂದು ಅಲ್ಲಿನ ಶಾಸನವು ತಿಳಿಸುತ್ತದೆ. ಉಗ್ರಾದಿತ್ಯರ ತರುವಾಯ ಎರಡು ಶತಮಾನಗಳು ಕಳೆದರೂ ಆ ಬೆಟ್ಟವು ಮುನಿಗಳ ತೀರ್ಥವಾಗಿಯೇ ಉಳಿದಿತ್ತೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಕಾಲನಿರ್ಣಯದಲ್ಲಿ ಒಂದು ತೊಡಕಿದೆ. ವಿಷ್ಣುರಾಜನೆಂದರೆ ವೇಂಗಿಯ ಪೂರ್ವಚಾಲುಕ್ಯ ನಾಲ್ಕನೆಯ ವಿಷ್ಣುವರ್ಧನನೆಂದು ವಿದ್ವಾಂಸರು ಭಾವಿಸುತ್ತಾರೆ. ಅವನ ಆಳಿಕೆ ಕ್ರಿ.ಶ. 764ರಿಂದ 799ರವರೆಗೆ. ಇತ್ತ ಗ್ರಂಥದ ಅಂತ್ಯದಲ್ಲಿರುವ ಹಿತಾಹಿತಾಧ್ಯಾಯವು ನೃಪತುಂಗವಲ್ಲಭ ಮಹಾರಾಜಾಧಿರಾಜನ ಸಭೆಯನ್ನು ಹೇಳುತ್ತದೆ. ಈ ನೃಪತುಂಗನು ಪಟ್ಟಕ್ಕೆ ಬಂದದ್ದು 814ರಲ್ಲಿ, ಇನ್ನೂ ಬಾಲಕನಾಗಿದ್ದಾಗ. ಇಬ್ಬರು ಅರಸರ ನಡುವಣ ಈ ಅಂತರವನ್ನು ಕಂಡು ಕೆಲವರು ಸಂದೇಹಪಟ್ಟಿದ್ದಾರೆ. ಆದರೆ ವಿಷ್ಣುವರ್ಧನನ ಕೊನೆಯ ವರ್ಷಗಳಲ್ಲಿ, 795ರ ಸುಮಾರಿಗೆ, ಉಗ್ರಾದಿತ್ಯರು ಇಪ್ಪತ್ತೈದರ ಪ್ರಾಯದ ಶಿಷ್ಯರಾಗಿದ್ದರೆಂದು ಎಣಿಸಿದರೆ, ನೃಪತುಂಗನು ಪ್ರೌಢನಾಗಿ ವಿದ್ವತ್ಸಭೆಗಳನ್ನು ನಡೆಸುತ್ತಿದ್ದ 840ರ ವೇಳೆಗೆ ಅವರಿಗೆ ಎಪ್ಪತ್ತು ವರ್ಷವಾಗಿರುತ್ತದೆ. ಯಮನಿಯಮಗಳಿಂದ ಬಾಳಿದ ಮುನಿಗೆ, ಅದರಲ್ಲಿಯೂ ಸ್ವಾಸ್ಥ್ಯರಕ್ಷಣೆಯನ್ನು ಲೋಕಕ್ಕೆ ಬೋಧಿಸಿದವರಿಗೆ, ಎಪ್ಪತ್ತು ಹೆಚ್ಚಿನ ಪ್ರಾಯವಲ್ಲ. ಎರಡು ರಾಜ್ಯಗಳ ನಡುವೆ ಹಗೆತನವಷ್ಟೇ ಅಲ್ಲದೆ ನಂಟೂ ಇತ್ತು. ಇದೇ ವಿಷ್ಣುವರ್ಧನನ ಮಗಳು ಶೀಲಮಹಾದೇವಿಯು ನೃಪತುಂಗನ ಪಿತಾಮಹನಾದ ಧ್ರುವನ ರಾಣಿಯಾಗಿದ್ದಳು. ವೇಂಗಿಯಿಂದ ಮಾನ್ಯಖೇಟಕ್ಕೆ ದಾರಿ ತೆರೆದೇ ಇತ್ತು.

ಅದೇ ಕಾಲದಲ್ಲಿ ನಮ್ಮ ಈ ಭಾಗದ ಗಂಗನಾಡು ಹೇಗಿತ್ತೆಂಬುದನ್ನು ಇಲ್ಲಿ ಒಂದು ಕ್ಷಣ ನೆನೆಯುವುದು ಅಪ್ರಸ್ತುತವಾಗಲಾರದು. ನಂದಗುಡಿಯ ಹೆಸರನ್ನು ಪ್ರಾಚೀನ ನಂದರಾಜರೊಡನೆ ಸೇರಿಸಿ ಹೇಳುವ ಐತಿಹ್ಯವೊಂದುಂಟು. ಐತಿಹ್ಯವನ್ನು ಬಿಟ್ಟು ಶಾಸನಗಳಿಗೆ ಬಂದರೆ, ಇಂದಿನ ನೆಲಮಂಗಲ ತಾಲ್ಲೂಕಿನ ಮಣ್ಣೆಯು ಆಗ ಮಾನ್ಯಪುರವೆಂಬ ಗಂಗರ ರಾಜಧಾನಿ. ಗಂಗ ಮಾರಸಿಂಹನ ಸೇನಾಪತಿ ಶ್ರೀವಿಜಯನು ಅಲ್ಲಿ ಉನ್ನತವಾದ ಜಿನಾಲಯವನ್ನು ಕಟ್ಟಿಸಿದುದನ್ನು 797ರ ತಾಮ್ರಶಾಸನ ಹೇಳುತ್ತದೆ. ಗಂಗರನ್ನು ಗೆದ್ದ ರಾಷ್ಟ್ರಕೂಟರೂ ಆ ಬಸದಿಯನ್ನು ಕಡೆಗಣಿಸಲಿಲ್ಲ. ನೃಪತುಂಗನ ತಂದೆ ಮುಮ್ಮಡಿ ಗೋವಿಂದನ ಆಳಿಕೆಯಲ್ಲಿ, 802ರಲ್ಲಿ, ಅದೇ ಜಿನಾಲಯಕ್ಕೆ ದತ್ತಿಯನ್ನು ಬಿಟ್ಟರು. ಉತ್ತರಕ್ಕೆ ನಂದಿಬೆಟ್ಟದ ಮಗ್ಗುಲಿನ ಗೋಪಿನಾಥಗುಡ್ಡದ ಮೇಲೆ ಗಂಗರ ಕಾಲದ್ದೇ ಆದ ಶಾಸನವೊಂದು, ಅಲ್ಲಿನ ಅರ್ಹತ್ಪರಮೇಶ್ವರನ ಚೈತ್ಯಾಲಯವನ್ನು ದಾಶರಥಿ ರಾಮನೇ ಸ್ಥಾಪಿಸಿದನೆಂದೂ ಪಾಂಡವರ ತಾಯಿ ಕುಂತಿಯು ಜೀರ್ಣೋದ್ಧಾರ ಮಾಡಿಸಿದಳೆಂದೂ ಆ ಕಾಲದವರ ನಂಬಿಕೆಯನ್ನು ದಾಖಲಿಸಿದೆ. ಉಗ್ರಾದಿತ್ಯರು ರಾಮಗಿರಿಯಲ್ಲಿ ಓಲೆಗರಿಯ ಮೇಲೆ ಕಂಠವನ್ನು ಊರಿದ ದಿನಗಳಲ್ಲಿ ಈ ಬೆಟ್ಟಬಯಲುಗಳಲ್ಲಿಯೂ ಮುನಿಸಂಘಗಳು ವಿಹರಿಸುತ್ತಿದ್ದವು.

ವೈದ್ಯವು ಜೈನರಿಗೆ ಹೊರಗಿನಿಂದ ಬಂದ ವಿದ್ಯೆಯಲ್ಲ. ದ್ವಾದಶಾಂಗಗಳಲ್ಲಿ ಕಡೆಯದಾದ ದೃಷ್ಟಿವಾದದೊಳಗಿನ ಹದಿನಾಲ್ಕು ಪೂರ್ವಗಳಲ್ಲಿ ಹನ್ನೆರಡನೆಯದಕ್ಕೆ ಪ್ರಾಣಾವಾಯವೆಂದು ಹೆಸರು. ದೇಹ, ಪ್ರಾಣ, ರೋಗ, ಚಿಕಿತ್ಸೆಗಳ ವಿಚಾರವೆಲ್ಲ ಅದರಲ್ಲಿ ಅಡಕವಾಗಿತ್ತು. ಉಗ್ರಾದಿತ್ಯರು ತಮ್ಮ ಗ್ರಂಥದ ಆರಂಭವನ್ನೇ ಸಮವಸರಣದಿಂದ ಮಾಡುತ್ತಾರೆ. ಭೋಗಭೂಮಿಯಲ್ಲಿ ಕಲ್ಪವೃಕ್ಷಗಳ ಆಶ್ರಯದಲ್ಲಿ ರೋಗವನ್ನೇ ಅರಿಯದೆ ಸುಖವಾಗಿದ್ದ ಜನರು ಕರ್ಮಭೂಮಿಯ ಕಾಲ ಬಂದಾಗ ವಾತಪಿತ್ತಕಫಗಳ ಕೋಪಕ್ಕೂ ಶೀತೋಷ್ಣಗಳ ಬಾಧೆಗೂ ಸಿಕ್ಕಿ ಕಂಗೆಡುತ್ತಾರೆ. ಭರತ ಚಕ್ರವರ್ತಿಯೇ ಮೊದಲಾದವರು ಆದಿಭಗವಂತನ ಬಳಿಗೆ ಹೋಗಿ ಉಪಾಯವನ್ನು ಕೇಳುತ್ತಾರೆ. ಆಗ ಭಗವಂತನ ದಿವ್ಯಧ್ವನಿಯು ಪುರುಷ, ರೋಗ, ಔಷಧ, ಕಾಲ ಎಂಬ ನಾಲ್ಕು ವಿಭಾಗಗಳಲ್ಲಿ ಸಕಲ ವೈದ್ಯವನ್ನೂ ನಿರೂಪಿಸಿತು. ಗಣಧರರು ಅದನ್ನು ಗ್ರಹಿಸಿದರು. ಅವರಿಂದ ಶ್ರುತಕೇವಲಿಗಳಿಗೂ ಅಲ್ಲಿಂದ ಆಚಾರ್ಯಪರಂಪರೆಗೂ ಅದು ಹರಿದುಬಂದಿತು. ಐದು ಕಲ್ಯಾಣಗಳಲ್ಲಿ ನಾಲ್ಕನೆಯದಾದ ಕೇವಲಜ್ಞಾನ ಕಲ್ಯಾಣದ ಸಮವಸರಣದಲ್ಲಿಯೇ ರೋಗಿಯ ನರಳಾಟಕ್ಕೂ ಉತ್ತರ ದೊರೆಯಿತೆಂಬ ಈ ಕಥನವು ಜೈನ ವೈದ್ಯದ ಮೂಲಭಾವವನ್ನು ಚೆನ್ನಾಗಿ ಸೂಚಿಸುತ್ತದೆ.

ಆ ಪರಂಪರೆಯಲ್ಲಿ ತಮಗಿಂತ ಹಿಂದೆ ದುಡಿದವರನ್ನು ಉಗ್ರಾದಿತ್ಯರು ಕೃತಜ್ಞತೆಯಿಂದ ನೆನೆದಿದ್ದಾರೆ. ಕಣ್ಣು, ಕಿವಿ, ಮೂಗು, ಶಿರಸ್ಸುಗಳ ರೋಗಗಳನ್ನು ಕುರಿತ ಶಾಲಾಕ್ಯವನ್ನು ಪೂಜ್ಯಪಾದರೂ, ಶಸ್ತ್ರವೈದ್ಯವಾದ ಶಲ್ಯತಂತ್ರವನ್ನು ಪಾತ್ರಸ್ವಾಮಿಗಳೂ, ವಿಷ ಮತ್ತು ಉಗ್ರಗ್ರಹಗಳ ಶಮನವನ್ನು ಸಿದ್ಧಸೇನರೂ, ಕಾಯಚಿಕಿತ್ಸೆಯನ್ನು ದಶರಥಗುರುಗಳೂ, ಶಿಶುವೈದ್ಯವನ್ನು ಮೇಘನಾದರೂ, ವೃಷ್ಯ ಮತ್ತು ರಸಾಯನಗಳನ್ನು ಸಿಂಹನಾದರೂ ಬರೆದಿದ್ದರು. ಆಯುರ್ವೇದದ ಎಂಟು ಅಂಗಗಳನ್ನೂ ವಿಸ್ತಾರವಾಗಿ ಹೇಳಿದವರು ಸಮಂತಭದ್ರಾಚಾರ್ಯರು. ಅವರು ವಿಸ್ತರಿಸಿದುದನ್ನೇ ತಾವು ಸಂಕ್ಷೇಪಿಸುತ್ತಿರುವುದಾಗಿ ಉಗ್ರಾದಿತ್ಯರು ವಿನಯದಿಂದ ಹೇಳಿಕೊಂಡಿದ್ದಾರೆ. ಭಸ್ಮಕವ್ಯಾಧಿಯಿಂದ ಬೆಂದು, ಎಷ್ಟು ಉಂಡರೂ ಆರದ ಹಸಿವೆಯಿಂದ ತೊಳಲಿ, ಸಲ್ಲೇಖನಕ್ಕೆ ಅನುಮತಿಯನ್ನು ಬೇಡಿದ ಸಮಂತಭದ್ರರ ಕಥೆಯನ್ನು ಬಲ್ಲ ಶ್ರಾವಕರಿಗೆ, ಅವರ ಹೆಸರೇ ವೈದ್ಯಾಚಾರ್ಯರ ಪಟ್ಟಿಯ ತುದಿಯಲ್ಲಿರುವುದು ಆಶ್ಚರ್ಯವೆನಿಸದು. ರೋಗವೆಂದರೇನೆಂಬುದನ್ನು ಅವರು ಶರೀರದಿಂದಲೇ ಅರಿತಿದ್ದರು. ಈ ಆಚಾರ್ಯರ ವೈದ್ಯಗ್ರಂಥಗಳು ಕಾಲಗರ್ಭವನ್ನು ಸೇರಿದವು. ಅವರು ವೈದ್ಯವನ್ನು ಬರೆದರೆಂಬ ಸುದ್ದಿಯು ಇಂದು ಉಳಿದಿರುವುದು ಬಹುಮಟ್ಟಿಗೆ ಉಗ್ರಾದಿತ್ಯರ ಒಂದು ಪದ್ಯದ ಪುಣ್ಯದಿಂದ.

ಕಲ್ಯಾಣಕಾರಕವು ಸಂಸ್ಕೃತ ಪದ್ಯಗಳ ಗ್ರಂಥ. ಇಪ್ಪತ್ತೈದು ಪರಿಚ್ಛೇದಗಳು, ಜೊತೆಗೆ ರಿಷ್ಟಾಧ್ಯಾಯ ಮತ್ತು ಹಿತಾಹಿತಾಧ್ಯಾಯಗಳೆಂಬ ಎರಡು ಪರಿಶಿಷ್ಟಗಳು. ಸ್ವಾಸ್ಥ್ಯರಕ್ಷಣೆ, ಗರ್ಭೋತ್ಪತ್ತಿ, ಧಾನ್ಯಾದಿಗಳ ಗುಣ, ಅನ್ನಪಾನವಿಧಿ ಇವುಗಳಿಂದ ಆರಂಭವಾಗಿ ರೋಗಗಳ ಕಡೆಗೆ ಸಾಗುತ್ತದೆ. ವಾತರೋಗ, ಪಿತ್ತರೋಗ, ಕಫರೋಗಗಳಿಗೆ ಬೇರೆ ಬೇರೆ ಅಧಿಕಾರಗಳಿವೆ. ಪ್ರಮೇಹ, ಕುಷ್ಠ, ಉದರ ಮೊದಲಾದ ಮಹಾಮಯಗಳಿಗೂ ಕ್ಷುದ್ರರೋಗಗಳಿಗೂ ಬೇರೆ ಸ್ಥಾನ. ದೋಷವನ್ನೇ ಸೂತ್ರವಾಗಿ ಹಿಡಿದು ರೋಗಗಳನ್ನು ಪೋಣಿಸಿರುವ ಈ ಕ್ರಮದಲ್ಲಿ ಒಂದು ಅನುಕೂಲವಿದೆ. ಓದುವ ವೈದ್ಯನು ರೋಗದ ಹೆಸರನ್ನು ತಿಳಿಯದಿದ್ದರೂ ಕೆರಳಿದ ದೋಷವನ್ನು ಗುರುತಿಸಿ ಚಿಕಿತ್ಸೆಗೆ ತೊಡಗಬಲ್ಲನು.

ತ್ರಿದೋಷಸಿದ್ಧಾಂತವು ಚರಕ ಸುಶ್ರುತರಿಗೂ ಜೈನ ವೈದ್ಯರಿಗೂ ಸಮಾನವಾದ ನೆಲೆ. ಗ್ರೀಕರಲ್ಲಿ ಹಿಪ್ಪೊಕ್ರೇಟಿಸನ ಪರಂಪರೆಯವರೂ ತರುವಾಯ ಗೇಲನನೂ ನಾಲ್ಕು ದೇಹರಸಗಳ ಸಮತೆಯಿಂದ ಆರೋಗ್ಯವೆಂದೂ ವೈಷಮ್ಯದಿಂದ ರೋಗವೆಂದೂ ಹೇಳಿದಂತೆಯೇ ಇಲ್ಲಿಯೂ ಸಮತೆಯ ಮಾತೇ ಮುಖ್ಯ. ಉಗ್ರಾದಿತ್ಯರ ಆಯುಷ್ಯದ ಅವಧಿಯಲ್ಲಿಯೇ ಬಾಗ್ದಾದಿನ ಖಲೀಫ ಹಾರೂನ್ ಅಲ್ ರಷೀದನ ಆಸ್ಥಾನದಲ್ಲಿ (786–809) ಭಾರತೀಯ ವೈದ್ಯರು ಮನ್ನಣೆಯನ್ನು ಪಡೆದರು, ಸುಶ್ರುತಸಂಹಿತೆಯು ಅರಬ್ಬಿಗೆ ಹೋಯಿತು. 850ರಲ್ಲಿ ಅಲೀ ಅತ್ ತಬರಿಯು ಬರೆದು ಮುಗಿಸಿದ ವೈದ್ಯಗ್ರಂಥದಲ್ಲಿ ಭಾರತೀಯ ವೈದ್ಯಕ್ಕೆಂದೇ ಒಂದು ಭಾಗವಿದೆ. ಹೀಗೆ ಪಶ್ಚಿಮಕ್ಕೆ ಹರಿದ ಪ್ರವಾಹವು ಚರಕ ಸುಶ್ರುತರದು. ಜೈನ ಪ್ರಾಣಾವಾಯದ ಧಾರೆಯು ದಕ್ಷಿಣದಲ್ಲಿಯೇ, ಬಹುಮಟ್ಟಿಗೆ ಕನ್ನಡ ನಾಡಿನಲ್ಲಿಯೇ, ಉಳಿದು ಬೇರೂರಿತು.

ಆರೋಗ್ಯದ ಲಕ್ಷಣವನ್ನು ಹೇಳುವಾಗ ಉಗ್ರಾದಿತ್ಯರು ಇತರ ಆಯುರ್ವೇದಕಾರರಿಂದ ಒಂದು ಹೆಜ್ಜೆ ಆಚೆಗೆ ಸರಿಯುತ್ತಾರೆ. ಅವರ ದೃಷ್ಟಿಯಲ್ಲಿ ಸ್ವಾಸ್ಥ್ಯವು ಎರಡು ಬಗೆಯದು. ಜಠರಾಗ್ನಿ, ಧಾತು, ದೋಷಗಳು ಸಮವಾಗಿದ್ದು ಇಂದ್ರಿಯಗಳೂ ಮನಸ್ಸೂ ಪ್ರಸನ್ನವಾಗಿರುವುದು ವ್ಯಾವಹಾರಿಕ ಸ್ವಾಸ್ಥ್ಯ. ಸಕಲ ಕರ್ಮಗಳೂ ಕ್ಷಯವಾದ ಮೇಲೆ ಆತ್ಮನಿಗೆ ದೊರೆಯುವ ಅತೀಂದ್ರಿಯವಾದ ಶಾಶ್ವತಸುಖವು ಪಾರಮಾರ್ಥಿಕ ಸ್ವಾಸ್ಥ್ಯ. ಮೊದಲನೆಯದು ಎರಡನೆಯದಕ್ಕೆ ಸಾಧನ. ಶರೀರವು ಕೆಟ್ಟರೆ ತಪಸ್ಸು, ಸ್ವಾಧ್ಯಾಯ, ವ್ರತಗಳು ಕೆಡುತ್ತವೆ.

ಇಲ್ಲಿ ಸೂಕ್ಷ್ಮಮತಿಗಳಾದ ಶ್ರಾವಕರಿಗೆ ಒಂದು ಪ್ರಶ್ನೆ ಹುಟ್ಟಬಹುದು. ರೋಗವು ಪೂರ್ವಾರ್ಜಿತ ಪಾಪಕರ್ಮದ ಉದಯವೆಂದ ಮೇಲೆ ಔಷಧವು ಮಾಡುವುದೇನು? ಉದಯಕ್ಕೆ ಬಂದುದನ್ನು ಅನುಭವಿಸಿಯೇ ತೀರಬೇಕಲ್ಲವೆ? ಆಚಾರ್ಯರು ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಿಲ್ಲ. ಮರದ ಹಣ್ಣು ಕಾಲ ಬಂದಾಗ ತಾನಾಗಿಯೇ ಪಕ್ವವಾಗುವುದುಂಟು. ಅದನ್ನೇ ಕಿತ್ತು ಉಪಾಯದಿಂದ ಬೇಗನೆ ಹಣ್ಣುಮಾಡುವುದೂ ಉಂಟು. ರೋಗದ ಪಾಕವೂ ಹಾಗೆಯೇ ಕಾಲದಿಂದಲೂ ಉಪಾಯದಿಂದಲೂ ಎರಡು ತೆರನಾಗಿ ಆಗುತ್ತದೆ ಎಂದು ಅವರು ವಿವರಿಸುತ್ತಾರೆ. ಕರ್ಮವು ಒಳಗಿನ ಕಾರಣ, ದೋಷಪ್ರಕೋಪವು ಹೊರಗೆ ಕಾಣುವ ಕಾರಣ. ವೈದ್ಯನು ಕರ್ಮಸಿದ್ಧಾಂತಕ್ಕೆ ವಿರೋಧವಾಗಿ ಏನನ್ನೂ ಮಾಡುವುದಿಲ್ಲ, ಪಾಕದ ಉಪಾಯಕ್ಕೆ ನೆರವಾಗುತ್ತಾನೆ. ನಿರ್ಜರೆಯ ತತ್ತ್ವವನ್ನು ಬಲ್ಲವರಿಗೆ ಈ ಸಮಾಧಾನವು ಎಷ್ಟು ನೇರವಾದುದೆಂಬುದು ಹೊಳೆಯದಿರದು.

ಮುನಿಗಳು ವೈದ್ಯವನ್ನು ಹೇಳುವುದರಲ್ಲಿಯೇ ಇನ್ನೊಂದು ಇಕ್ಕಟ್ಟಿತ್ತು. ಮೂಲಾಚಾರವು ಆಹಾರದ ಹದಿನಾರು ಉತ್ಪಾದನ ದೋಷಗಳಲ್ಲಿ ಚಿಕಿತ್ಸೆಯನ್ನೂ ಎಣಿಸಿದೆ. ಚಿಕಿತ್ಸೆ ಮಾಡಿ, ಅದರ ಉಪಕಾರದಿಂದ ಆಹಾರವನ್ನು ಪಡೆದರೆ ಮುನಿಗೆ ದೋಷ ತಟ್ಟುತ್ತದೆ. ಅದೇ ವೇಳೆಗೆ ರೋಗಿಗಳಾದ ಸಾಧರ್ಮಿಗಳ ಸೇವೆಯು, ಅಂದರೆ ವೈಯಾವೃತ್ಯವು, ಅಂತರಂಗ ತಪಸ್ಸುಗಳಲ್ಲಿ ಒಂದು. ಔಷಧದಾನವು ಚತುರ್ವಿಧ ದಾನಗಳಲ್ಲಿ ಒಂದು. ಆದುದರಿಂದ ಮುನಿಯು ಶಾಸ್ತ್ರವನ್ನು ಬರೆದಿಟ್ಟನು, ವೃತ್ತಿಯನ್ನು ಶ್ರಾವಕ ವೈದ್ಯನಿಗೆ ಬಿಟ್ಟನು. ಆ ವೈದ್ಯನಿಗೂ ಉಗ್ರಾದಿತ್ಯರು ಕಟ್ಟುನಿಟ್ಟುಗಳನ್ನು ವಿಧಿಸಿದ್ದಾರೆ. ಕಾಮದಿಂದ, ಮೋಹದಿಂದ, ಹಣದ ಲೋಭದಿಂದ, ಸ್ನೇಹದ ದಾಕ್ಷಿಣ್ಯದಿಂದ, ಕೀರ್ತಿಯ ಆಸೆಯಿಂದ ಚಿಕಿತ್ಸೆಗೆ ಕೈ ಹಾಕಲಾಗದು. ಕರುಣೆಯಿಂದಲೂ ಪರಲೋಕಸಾಧನೆಗಾಗಿಯೂ ಕರ್ಮಕ್ಷಯಕ್ಕಾಗಿಯೂ ಅದನ್ನು ಮಾಡಬೇಕು. ವೈದ್ಯನು ಸತ್ಯವಾದಿಯೂ ಧೀರನೂ ಸಹನಶೀಲನೂ ಆಗಿರಬೇಕು; ಶಾಸ್ತ್ರವನ್ನು ಓದಿದ್ದರೆ ಸಾಲದು, ಕರ್ಮಗಳನ್ನು ಕಣ್ಣಾರೆ ಕಂಡು ಹಸ್ತಕೌಶಲವನ್ನು ಗಳಿಸಿರಬೇಕು.

ಉಗ್ರಾದಿತ್ಯರ ಹೆಸರನ್ನು ವೈದ್ಯಚರಿತ್ರೆಯಲ್ಲಿ ಶಾಶ್ವತಗೊಳಿಸಿದುದು ಮದ್ಯ, ಮಾಂಸ, ಮಧುಗಳಿಲ್ಲದ ಚಿಕಿತ್ಸಾಕ್ರಮ. ಇದರ ಮಹತ್ತ್ವವನ್ನು ಅರಿಯಬೇಕಾದರೆ ಆಗಿನ ವೈದ್ಯನ ಕೈಯಲ್ಲಿದ್ದ ಸಾಧನಗಳನ್ನು ನೆನೆಯಬೇಕು. ಜೇನು ಆಯುರ್ವೇದದಲ್ಲಿ ಕೇವಲ ಸಿಹಿವಸ್ತುವಲ್ಲ. ಚೂರ್ಣಗಳಿಗೆ ಅನುಪಾನ, ಕಫಕ್ಕೆ ಔಷಧ, ಲೇಹಗಳಿಗೆ ಆಧಾರ. ಮದ್ಯವು ಅನೇಕ ರೋಗಗಳಲ್ಲಿ ವಿಹಿತವಾಗಿತ್ತು. ಮಾಂಸರಸವು ಕ್ಷೀಣಿಸಿದವರಿಗೆ ಬಲವನ್ನು ಕೊಡುವ ಮುಖ್ಯ ಪಥ್ಯ. ಚರಕಸಂಹಿತೆಯ ರಾಜಯಕ್ಷ್ಮ ಚಿಕಿತ್ಸೆಯಲ್ಲಿ ನಾನಾ ಪ್ರಾಣಿಪಕ್ಷಿಗಳ ಮಾಂಸವನ್ನು ಹೇಳಿರುವುದಲ್ಲದೆ, ರೋಗಿಯು ಹೇಸಬಹುದಾದ ಮಾಂಸಗಳನ್ನು ಬೇರೆ ಹೆಸರಿನಿಂದ ಮರೆಸಿ ಕೊಡಬೇಕೆಂಬ ಸೂಚನೆಯೂ ಇದೆ. ಕ್ಷಯದಿಂದ ಸೊರಗಿ ಮಲಗಿದ ಶ್ರಾವಕನೊಬ್ಬನ ಮನೆಗೆ ಇಂಥ ವೈದ್ಯನು ಬಂದರೆ ಆ ಕುಟುಂಬವು ಸಿಕ್ಕುವ ಸಂಕಟವನ್ನು ಊಹಿಸಬಹುದು. ವ್ರತವನ್ನು ಉಳಿಸಿಕೊಂಡರೆ ಪ್ರಾಣ ಹೋದೀತೆಂಬ ಭಯ, ಪ್ರಾಣವನ್ನು ಉಳಿಸಿಕೊಂಡರೆ ವ್ರತ ಹೋಯಿತೆಂಬ ದುಃಖ. ಎಲ್ಲಕ್ಕಿಂತ ಮಿಗಿಲಾಗಿ, ತನಗೆ ಅರಿವಿಲ್ಲದೆಯೇ ತನ್ನ ಬಾಯಿಗೆ ಇನ್ನೊಂದು ಜೀವದ ಮಾಂಸ ಬಿದ್ದಿರಬಹುದೆಂಬ ಶಂಕೆ. ಅಷ್ಟಮೂಲಗುಣಗಳನ್ನು ಪಾಲಿಸುವ ಸಮಾಜಕ್ಕೆ ತನ್ನದೇ ವೈದ್ಯಶಾಸ್ತ್ರವು ಅನಿವಾರ್ಯವಾಗಿತ್ತು.

ಆದರೆ ನಿಷೇಧಿಸುವುದು ಸುಲಭ, ಬದಲಿಯನ್ನು ಕೊಡುವುದು ಕಷ್ಟ. ಜೇನಿನ ಸ್ಥಾನದಲ್ಲಿ ಬೆಲ್ಲ ಸಕ್ಕರೆಗಳು, ಮಾಂಸರಸದ ಸ್ಥಾನದಲ್ಲಿ ಹಾಲು, ತುಪ್ಪ, ಧಾನ್ಯ, ದ್ವಿದಳಗಳ ಯೂಷಗಳು, ಸಸ್ಯಮೂಲಗಳ ಕಷಾಯ, ಕಲ್ಕ, ತೈಲಗಳು ಹೀಗೆ ಉಗ್ರಾದಿತ್ಯರು ಇಡೀ ಚಿಕಿತ್ಸೆಯನ್ನು ಮತ್ತೆ ಕಟ್ಟಿದರು. ಇಪ್ಪತ್ತನಾಲ್ಕನೆಯ ಪರಿಚ್ಛೇದವು ರಸರಸಾಯನವನ್ನು, ಎಂದರೆ ಪಾದರಸದ ಸಂಸ್ಕಾರಗಳನ್ನು ಹೇಳುತ್ತದೆ. ಪ್ರಾಣಿಜನ್ಯ ವಸ್ತುಗಳನ್ನು ಬಿಟ್ಟ ವೈದ್ಯನು ಖನಿಜಗಳ ಕಡೆಗೆ ತಿರುಗಿದುದು ಸ್ವಾಭಾವಿಕವೇ. ರಸಶಾಸ್ತ್ರದ ಇತಿಹಾಸವನ್ನು ಬರೆಯುವವರು ಈ ಪರಿಚ್ಛೇದವನ್ನು ಬದಿಗಿಡುವಂತಿಲ್ಲ. ಪಾದರಸದ ವಿಷಗುಣವನ್ನು ಇಂದಿನ ವಿಜ್ಞಾನವು ಖಚಿತವಾಗಿ ತಿಳಿಸಿರುವುದರಿಂದ, ಆ ಭಾಗವನ್ನು ಇತಿಹಾಸವಾಗಿ ಓದಬೇಕೇ ಹೊರತು ಮನೆಯಲ್ಲಿ ಪ್ರಯೋಗಕ್ಕೆ ಇಳಿಸಬಾರದೆಂಬ ಎಚ್ಚರಿಕೆಯೂ ಅಗತ್ಯ.

ಇನ್ನು ಹಿತಾಹಿತಾಧ್ಯಾಯದ ಪ್ರಸಂಗ. ಮಾನ್ಯಖೇಟವು, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವು, ಆಗ ದಕ್ಷಿಣಾಪಥದ ಅತ್ಯಂತ ಪ್ರಬಲ ಸಾಮ್ರಾಜ್ಯದ ರಾಜಧಾನಿ. ಅಮೋಘವರ್ಷ ನೃಪತುಂಗನು 814ರಿಂದ 878ರವರೆಗೆ ಅರವತ್ತನಾಲ್ಕು ವರ್ಷ ಆಳಿದನು. ವೀರಸೇನಾಚಾರ್ಯರ ಧವಲಾಟೀಕೆಯು 816ರಲ್ಲಿಯೂ, ಅವರು ಆರಂಭಿಸಿದ ಜಯಧವಲೆಯು ಶಿಷ್ಯರಾದ ಜಿನಸೇನಾಚಾರ್ಯರಿಂದ 837ರಲ್ಲಿಯೂ ಪೂರ್ಣವಾದುದು ಅವನ ಕಾಲದಲ್ಲಿಯೇ. ಜಿನಸೇನರನ್ನು ಅವನು ಗುರುವೆಂದು ಪೂಜಿಸಿದನು. ಕನ್ನಡದ ಕವಿರಾಜಮಾರ್ಗವೂ ಅವನ ಆಸ್ಥಾನದ್ದೇ. ಪ್ರಜೆಗಳಿಗೆ ಒದಗಿದ ಉಪದ್ರವವನ್ನು ನೀಗಲೆಂದು ಅವನು ತನ್ನ ಎಡಗೈಯ ಬೆರಳನ್ನು ಮಹಾಲಕ್ಷ್ಮಿಗೆ ಅರ್ಪಿಸಿದನೆಂದು 871ರ ಸಂಜಾನ ತಾಮ್ರಪಟವು ಹೊಗಳುತ್ತದೆ. ಪರರ ನೋವನ್ನು ನೀಗಲು ಇನ್ನೊಂದು ಜೀವವನ್ನು ಬಲಿಗೊಡದೆ ತನ್ನ ಅಂಗವನ್ನೇ ಕೊಡಲೊಪ್ಪಿದ ಅರಸನ ಮುಂದೆ ಮಾಂಸೌಷಧದ ಚರ್ಚೆ ನಡೆದುದು ಉಚಿತವಾಗಿಯೇ ಇತ್ತು.

ಆ ಸಭೆಯಲ್ಲಿ ಅನೇಕ ವಿದ್ವಾಂಸರೂ ವೈದ್ಯರೂ ನೆರೆದಿದ್ದರು. ಮಾಂಸವು ದೇಹಕ್ಕೆ ಹಿತ, ಔಷಧವಾಗಿ ಅನಿವಾರ್ಯ ಎಂದು ವಾದಿಸುವವರು ಅವರಲ್ಲಿದ್ದರು. ಅವರ ಬೆನ್ನಿಗೆ ಪ್ರಾಚೀನ ಸಂಹಿತೆಗಳ ಬಲವಿತ್ತು. ವೃದ್ಧರಾದ ದಿಗಂಬರ ಮುನಿಗಳೊಬ್ಬರು ನಿಂತು ಮಾಂಸವು ಔಷಧವಾಗಿ ನಿಷ್ಫಲವೆಂದು ಪ್ರತಿಪಾದಿಸಿದರು. ಇಲ್ಲಿ ಗಮನಿಸಬೇಕಾದುದೊಂದಿದೆ. ಹಿಂಸೆಯು ಪಾಪವೆಂದಷ್ಟೇ ಹೇಳಿ ಅವರು ಕುಳಿತಿದ್ದರೆ ಎದುರಾಳಿಗಳು ಅದನ್ನು ಧರ್ಮಶಾಸ್ತ್ರದ ಮಾತೆಂದು ತಳ್ಳಿಹಾಕಬಹುದಿತ್ತು. ಅವರು ವಾದವನ್ನು ವೈದ್ಯದ ಅಂಗಳದಲ್ಲಿಯೇ ನಡೆಸಿದರು. ದೇಹಕ್ಕೆ ಹಿತವಾವುದು, ಅಹಿತವಾವುದು ಎಂಬುದೇ ಅಧ್ಯಾಯದ ಹೆಸರಾಯಿತು. ಪ್ರಾಣವನ್ನು ವೃದ್ಧಿಗೊಳಿಸುವವುಗಳಲ್ಲಿ ಅಹಿಂಸೆಯೇ ಶ್ರೇಷ್ಠವೆಂಬ ಅರ್ಥದ ಮಾತು ಚರಕಸಂಹಿತೆಯಲ್ಲಿಯೂ ಇರುವುದನ್ನು ನೆನೆದರೆ, ಆಚಾರ್ಯರು ಎದುರಾಳಿಗಳ ಮನೆಯೊಳಗಿನ ದೀಪದಿಂದಲೇ ಬೆಳಕನ್ನು ತೋರಿಸಬಲ್ಲವರಾಗಿದ್ದರೆನ್ನಬೇಕು. ಅಂದಿನ ಉಪನ್ಯಾಸವೇ ಗ್ರಂಥದ ತುದಿಗೆ ಪರಿಶಿಷ್ಟವಾಗಿ ಸೇರಿತು.

ಇನ್ನೊಂದು ಪರಿಶಿಷ್ಟವಾದ ರಿಷ್ಟಾಧ್ಯಾಯವು ಮರಣಸೂಚಕ ಚಿಹ್ನೆಗಳನ್ನು ಕುರಿತದ್ದು. ಗುಣವಾಗದ ರೋಗಿಯನ್ನು ಗುರುತಿಸಿ ಅಪಕೀರ್ತಿಯಿಂದ ಪಾರಾಗಲು ಇತರ ವೈದ್ಯರು ಅರಿಷ್ಟಗಳನ್ನು ಕಲಿಯುತ್ತಿದ್ದರು. ಸಲ್ಲೇಖನವನ್ನು ಬಾಳಿನ ಕೊನೆಯ ವ್ರತವೆಂದು ಬಗೆಯುವ ಸಮಾಜದಲ್ಲಿ ಈ ಜ್ಞಾನಕ್ಕೆ ಬೇರೊಂದು ಪ್ರಯೋಜನವಿದೆ. ಔಷಧವು ಎಲ್ಲಿಯವರೆಗೆ, ಸಮಾಧಿಮರಣದ ಸಿದ್ಧತೆ ಎಲ್ಲಿಂದ ಎಂಬುದನ್ನು ಬಲ್ಲವನೇ ಜೈನರ ಪಾಲಿಗೆ ಪೂರ್ಣವೈದ್ಯ.

ಉಗ್ರಾದಿತ್ಯರ ಕಾಲದ ತರುವಾಯ ಈ ವೈದ್ಯಧಾರೆಯು ಸಂಸ್ಕೃತದಿಂದ ಕನ್ನಡಕ್ಕೆ ಇಳಿದುಬಂದಿತು. ಚಾಲುಕ್ಯ ರಾಜಪುತ್ರನಾದ ಕೀರ್ತಿವರ್ಮನು ಸುಮಾರು 1125ರಲ್ಲಿ ಗೋವೈದ್ಯವನ್ನು ಬರೆದನು. ಮೂಕಪ್ರಾಣಿಯ ನೋವಿಗೆ ಕನ್ನಡದಲ್ಲಿ ಶಾಸ್ತ್ರವನ್ನು ರಚಿಸಿದವನು ಒಬ್ಬ ಜೈನ ರಾಜಕುಮಾರನೆಂಬುದು ಹೆಮ್ಮೆಯ ವಿಷಯ. ಸುಮಾರು 1150ರಲ್ಲಿ ಜಗದ್ದಳ ಸೋಮನಾಥನು ಕರ್ಣಾಟಕ ಕಲ್ಯಾಣಕಾರಕವನ್ನು ರಚಿಸಿದನು. ಅದು ಪೂಜ್ಯಪಾದರ ಕಲ್ಯಾಣಕಾರಕದ ಕನ್ನಡ ರೂಪವೆಂದು ಪ್ರಸಿದ್ಧವಾಗಿದೆ. ಹೆಸರಿನ ಸಾಮ್ಯದಿಂದ ಉಗ್ರಾದಿತ್ಯರ ಕೃತಿಯ ಅನುವಾದವೆಂದು ಭ್ರಮಿಸಬಾರದು. ಅದರಲ್ಲಿಯೂ ಮದ್ಯ, ಮಾಂಸ, ಮಧುಗಳಿಗೆ ಸ್ಥಾನವಿಲ್ಲ. ವಿಜಯನಗರದ ಆರಂಭದ ದಿನಗಳಲ್ಲಿ, ಸುಮಾರು 1360ರಲ್ಲಿ, ಮಂಗರಾಜನು ಸ್ಥಾವರ ಜಂಗಮ ವಿಷಗಳ ಚಿಕಿತ್ಸೆಗಾಗಿ ಖಗೇಂದ್ರಮಣಿದರ್ಪಣವನ್ನು ಬರೆದು, ತನ್ನ ವಿದ್ಯೆಯ ಮೂಲವನ್ನು ಪೂಜ್ಯಪಾದರಲ್ಲಿ ಕಂಡನು. ಅಭಿನವಚಂದ್ರನ ಅಶ್ವವೈದ್ಯ, ಶ್ರೀಧರದೇವನ ವೈದ್ಯಾಮೃತ, ಸಾಳ್ವನ ವೈದ್ಯಸಾಂಗತ್ಯ ಇವೂ ಇದೇ ಬಳ್ಳಿಯ ಹೂಗಳು. ಹಳ್ಳಿಯ ಪಂಡಿತನು ಸಂಸ್ಕೃತವನ್ನು ಅರಿಯದಿದ್ದರೂ ಕಂದಪದ್ಯವನ್ನು ಬಾಯಿಪಾಠ ಮಾಡಿ ಹಾವು ಕಚ್ಚಿದವನ ಬಳಿಗೆ ಓಡಬಲ್ಲವನಾದುದು ಇಂಥ ಗ್ರಂಥಗಳಿಂದ.

ಮೂಲ ಕಲ್ಯಾಣಕಾರಕವು ಮಾತ್ರ ಬಹುಕಾಲ ಓಲೆಗರಿಗಳಲ್ಲಿಯೇ ಮಲಗಿತ್ತು. ಪ್ರಾಕ್ತನವಿಮರ್ಶ ವಿಚಕ್ಷಣ ಆರ್. ನರಸಿಂ ಹಾಚಾರ್ಯರಂಥ ವಿದ್ವಾಂಸರು ಉಗ್ರಾದಿತ್ಯರ ಕಡೆಗೆ ಲೋಕದ ಗಮನವನ್ನು ಸೆಳೆದರು. ಪಂಡಿತ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಹಸ್ತಪ್ರತಿಗಳನ್ನು ಕೂಡಿಸಿ, ಪಾಠವನ್ನು ಸಂಪಾದಿಸಿ, ಹಿಂದಿ ಅನುವಾದದೊಡನೆ 1940ರಲ್ಲಿ ಸೊಲ್ಲಾಪುರದಿಂದ ಅದನ್ನು ಪ್ರಕಟಿಸಿದರು. ರತ್ನಾಕರವರ್ಣಿಯ ಭರತೇಶವೈಭವವನ್ನು ಹಿಂದಿಯ ಓದುಗರಿಗೆ ಮುಟ್ಟಿಸಿದವರೂ ಇದೇ ಶಾಸ್ತ್ರಿಗಳು. ರಾಮಗಿರಿಯ ಗುಹೆಯಲ್ಲಿ ಹುಟ್ಟಿದ ಗ್ರಂಥವು ಸುಮಾರು ಸಾವಿರದ ನೂರು ವರ್ಷಗಳ ತರುವಾಯ ಅಚ್ಚಿನ ಅಕ್ಷರದಲ್ಲಿ ಆಯುರ್ವೇದದ ವಿದ್ಯಾರ್ಥಿಗಳ ಕೈ ಸೇರಿತು.